ಬೆಳಗಿನ ಪ್ರಾರ್ಥನೆಗೆ ಸಮಯ ಎತ್ತಿಡುವುದು ಹೇಗೆ?

"ಬೆಳಗ್ಗೆ ಎದ್ದು ಪ್ರಾರ್ಥನೆ ಮಾಡಬೇಕು, ವಾಕ್ಯ ಓದಬೇಕು ಅಂತ ಮನಸ್ಸಿದೆ. ಆದರೆ ಆಗುತ್ತಿಲ್ಲ. ಏನು ಮಾಡಲಿ?"

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವ ರೀತಿ ಮಾತ್ರ ಬೇರೆ ಬೇರೆ. ಕೆಲವರು ಐದು ಗಂಟೆಗೆ ಅಲಾರಂ ಇಡುತ್ತಾರೆ, ಐದೂಕಾಲು, ಐದೂವರೆ ಅಂತ ಮುಂದೂಡುತ್ತಾ ಏಳು ಗಂಟೆ ಮಾಡಿಕೊಳ್ಳುತ್ತಾರೆ. ಕೆಲವರು ಹೇಗೋ ಏಳುತ್ತಾರೆ, ಮೊಣಕಾಲೂರುತ್ತಾರೆ, ಅಲ್ಲೇ ತೂಕಡಿಸುತ್ತಾರೆ. ಇನ್ನು ಕೆಲವರಿಗೆ ನಿದ್ದೆಯ ಕಾಟವೇ ಇಲ್ಲ. ಸತ್ಯವೇದ, ಅಂದರೆ ಬೈಬಲ್, ತೆರೆದ ಮೇಲೆ ಎಲ್ಲಿಂದ ಓದಬೇಕು, ಏನೆಂದು ಪ್ರಾರ್ಥಿಸಬೇಕು ಎಂದು ತೋಚದೆ ನಾಲ್ಕೇ ನಿಮಿಷಕ್ಕೆ ಆಮೆನ್ ಹೇಳಿ ಎದ್ದುಬಿಡುತ್ತಾರೆ.

ಇವರಲ್ಲಿ ಬಹುಪಾಲು ಜನರಿಗೆ ಭಕ್ತಿಯ ಕೊರತೆಯೇನೂ ಇಲ್ಲ. ಕೊರತೆ ಇರುವುದು ಹಿಂದಿನ ರಾತ್ರಿಯ ಏರ್ಪಾಟಿನಲ್ಲಿ. ಅರೆನಿದ್ದೆಯಲ್ಲಿರುವವರ ಕೈಗೆ ತೀರ್ಮಾನ ಕೊಟ್ಟರೆ ಅವರು ಯಾವಾಗಲೂ ಹೊದಿಕೆಯ ಪರವಾಗಿಯೇ ತೀರ್ಪು ಕೊಡುತ್ತಾರೆ. ಎಷ್ಟು ಹೊತ್ತಿಗೆ ಏಳುವುದು, ಎಲ್ಲಿ ಕೂರುವುದು, ಯಾವ ಅಧ್ಯಾಯ ಓದುವುದು, ಯಾರಿಗಾಗಿ ಪ್ರಾರ್ಥಿಸುವುದು, ಇವೆಲ್ಲ ರಾತ್ರಿಯೇ ತೀರ್ಮಾನವಾಗಿರಬೇಕು. ಬೆಳಗ್ಗೆಗೆ ಉಳಿಯುವುದು ಮಾಡುವ ಕೆಲಸ ಮಾತ್ರ. ಈ ಲೇಖನದ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತವೇ ಇವೆ.

ಕ್ಯಾಥೊಲಿಕ್, ಪ್ರೊಟೆಸ್ಟಂಟ್, ಪೆಂಟೆಕೋಸ್ಟಲ್, ಆರ್ಥೊಡಾಕ್ಸ್, ನೀವು ಯಾವ ಸಭೆಯವರಾದರೂ ಇದನ್ನು ಬಳಸಬಹುದು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹೇಳಿದ್ದೇನೆ.

ಬೆಳಗ್ಗೆಯೇ ಯಾಕೆ?

ಬೆಳಗ್ಗೆಯೇ ಆಗಬೇಕೆಂಬ ನಿಯಮ ಸತ್ಯವೇದದಲ್ಲಿಲ್ಲ. ದಾನಿಯೇಲನು ದಿನಕ್ಕೆ ಮೂರು ಸಾರಿ ಪ್ರಾರ್ಥಿಸುತ್ತಿದ್ದ (ದಾನಿಯೇಲ 6:10). ಇಸಾಕನು ಧ್ಯಾನಕ್ಕೆಂದು ಹೊಲಕ್ಕೆ ಹೋದದ್ದು ಸಂಜೆ (ಆದಿಕಾಂಡ 24:63). ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮೊದಲು ಯೇಸು ಇಡೀ ರಾತ್ರಿ ಪ್ರಾರ್ಥನೆಯಲ್ಲಿ ಕಳೆದನು (ಲೂಕ 6:12). ಹಾಗಾಗಿ ಬೆಳಗ್ಗೆ ಆಗದವರು ಎರಡನೇ ದರ್ಜೆಯ ವಿಶ್ವಾಸಿಗಳು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಆದರೂ ಬೆಳಗ್ಗೆಗೆ ಒಂದು ಅನುಕೂಲವಿದೆ. ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯದ ಕೊನೆಯ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿದರೆ ಅದು ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲ ಮುಂದೆ ಸೇರಿದೆ, ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದಾರೆ (1:32-34). ಆ ದಿನ ಮಲಗುವುದು ಎಷ್ಟು ಹೊತ್ತಾಗಿರಬೇಕು ನೀವೇ ಯೋಚಿಸಿ. ಆದರೂ ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ (1:35). ಸೀಮೋನನೂ ಜೊತೆಗಿದ್ದವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾರೆ (1:36-37). ಯೇಸುವಿನ ಉತ್ತರ ಅವರು ಎಣಿಸಿದಂತಿಲ್ಲ: ಬೇರೆ ಊರುಗಳಿಗೆ ಹೋಗೋಣ, ಅಲ್ಲೂ ಸಾರಬೇಕು (1:38). ಜನರು ಬಂದು ಕೇಳುವ ಹೊತ್ತಿಗೆ ಆ ದಿನ ಏನು ಮಾಡಬೇಕೆಂಬುದು ಆತನಿಗೆ ಸ್ಪಷ್ಟವಾಗಿತ್ತು.

ಅನುಕೂಲ ಅಂದರೆ ಅದೇ. ಫೋನ್ ಬಾರಿಸುವ ಮೊದಲು, ಮನೆಯವರು ಕೂಗುವ ಮೊದಲು, ಇನ್ನೂ ಯಾರೂ ನಿಮ್ಮಿಂದ ಏನನ್ನೂ ಕೇಳದ ಹೊತ್ತು ದಿನದಲ್ಲಿ ಅದೊಂದೇ.

ಏನೇನು ಬೇಕು?

ಹೆಚ್ಚೇನೂ ಬೇಡ. ಕಾಗದದ ಮೇಲೆ ಅಚ್ಚಾದ ಒಂದು ಸತ್ಯವೇದ, ಒಂದು ಸಾದಾ ನೋಟ್‌ಬುಕ್, ಒಂದು ಪೆನ್, ಫೋನ್ ಅಲ್ಲದ ಒಂದು ಅಲಾರಂ ಗಡಿಯಾರ, ಕೂರಲು ಒಂದು ಜಾಗ.

ಫೋನಿನಲ್ಲೇ ಸತ್ಯವೇದ ಇದೆಯಲ್ಲ ಎಂದು ಕೇಳುತ್ತೀರಿ. ಇದೆ, ಪ್ರಯಾಣದಲ್ಲಿ ಅದು ಉಪಯೋಗಕ್ಕೂ ಬರುತ್ತದೆ. ಆದರೆ ಬೆಳಗ್ಗೆ ಅದನ್ನು ಕೈಗೆತ್ತಿಕೊಂಡರೆ ರಾತ್ರಿ ಬಂದ ಮೆಸೇಜುಗಳೆಲ್ಲ ವಾಕ್ಯಕ್ಕಿಂತ ಮೊದಲೇ ಕಣ್ಣಿಗೆ ಬೀಳುತ್ತವೆ. ಕಾಗದದ ಪುಸ್ತಕದಲ್ಲಿ ಆ ತಾಪತ್ರಯವಿಲ್ಲ.

ಯಾವ ಅನುವಾದ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ನಿಮ್ಮ ಸಭೆಯಲ್ಲಿ ಓದುವುದನ್ನೇ ಇಟ್ಟುಕೊಳ್ಳಿ. ಅದರ ಭಾಷೆ ಕಷ್ಟವೆನಿಸಿದರೆ ಸರಳ ಭಾಷೆಯ ಆವೃತ್ತಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕ್ಯಾಥೊಲಿಕ್ ಆವೃತ್ತಿಗಳಲ್ಲಿ 73 ಪುಸ್ತಕಗಳಿವೆ, ಪ್ರೊಟೆಸ್ಟಂಟ್ ಆವೃತ್ತಿಗಳಲ್ಲಿ 66. ಕೆಳಗೆ ನಾನು ಸೂಚಿಸಿರುವ ಭಾಗಗಳೆಲ್ಲ ಎರಡರಲ್ಲೂ ಇವೆ.

ಹಂತ 1: ಹದಿನೈದು ನಿಮಿಷ ಮಾತ್ರ

ಮೊದಲ ತಿಂಗಳಿಗೆ ಹದಿನೈದು ನಿಮಿಷ ಸಾಕು. ಉಪವಾಸ ಕೂಟದಲ್ಲೋ ಹೊಸ ವರ್ಷದ ಆರಾಧನೆಯಲ್ಲೋ ಮನಸ್ಸು ಉಕ್ಕಿ "ಇನ್ನು ಮೇಲೆ ದಿನಾ ನಾಲ್ಕಕ್ಕೆ ಎದ್ದು ಒಂದು ಗಂಟೆ" ಎಂದು ಹರಕೆ ಹೊತ್ತವರು ಎರಡನೇ ವಾರ ಎಲ್ಲಿರುತ್ತಾರೆ ಎಂದು ನಿಮಗೂ ಗೊತ್ತು. ಯಾರದೋ ಸಾಕ್ಷಿಯಲ್ಲಿ ಕೇಳಿದ ಗಂಟೆಗಳ ಲೆಕ್ಕವನ್ನು ನಿಮ್ಮ ಮೇಲೆ ಹೇರಿಕೊಳ್ಳಬೇಡಿ. ಅವರು ಎಷ್ಟು ವರ್ಷ ತೆಗೆದುಕೊಂಡು ಅಲ್ಲಿಗೆ ಬಂದರು ಎಂಬುದು ಸಾಕ್ಷಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಈಗ ಲೆಕ್ಕ ಹಾಕಿ. ವಯಸ್ಕರಿಗೆ ಕಡಿಮೆಯೆಂದರೂ ಏಳು ಗಂಟೆಗಳ ನಿದ್ದೆ ಬೇಕು. ನೀವು ಮನೆಕೆಲಸಕ್ಕೆ ಕೈ ಹಾಕುವುದು ಆರೂವರೆಗೆ ಎಂದಾದರೆ, ಮುಖ ತೊಳೆಯುವುದೂ ಸೇರಿ ಆರು ಗಂಟೆಗೆ ಏಳಬೇಕು. ಅಂದರೆ ಹನ್ನೊಂದಕ್ಕೆ ನಿದ್ದೆ ಹತ್ತಿರಬೇಕು, ಹತ್ತೂಮುಕ್ಕಾಲಿಗೆ ಮಲಗಿರಬೇಕು. ಈ ಲೆಕ್ಕವನ್ನು ಯಾವಾಗಲೂ ಕೊನೆಯಿಂದ ಹಿಂದಕ್ಕೆ ಹಾಕಿ. ಏಳುವ ಹೊತ್ತನ್ನು ಮಾತ್ರ ಹಿಂದಕ್ಕೆ ತಂದು, ಮಲಗುವ ಹೊತ್ತನ್ನು ಇದ್ದಲ್ಲೇ ಬಿಟ್ಟರೆ ನಾಲ್ಕನೇ ದಿನ ದೇಹ ತನ್ನ ಬಾಕಿಯನ್ನು ವಸೂಲು ಮಾಡುತ್ತದೆ. ನಿದ್ದೆಗೆಟ್ಟು ದುಡಿಯುವುದರ ವಿಷಯದಲ್ಲಿ 127ನೇ ಕೀರ್ತನೆಯ ಎರಡನೇ ವಚನ ಏನು ಹೇಳುತ್ತದೆಂದು ಒಮ್ಮೆ ನೋಡಿ. ಬೇಗ ಏಳುವುದೇ ದೊಡ್ಡ ಪುಣ್ಯವೆಂಬ ಭಾವನೆಗೆ ಅಲ್ಲಿ ಜಾಗವಿಲ್ಲ.

ಈಗ ಏಳುಗಂಟೆಗೆ ಏಳುವವರು ನಾಳೆಯೇ ಆರಕ್ಕೆ ಜಿಗಿಯಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ. ರಜೆಯ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಳಿ. ಶನಿವಾರ, ಭಾನುವಾರ ಎರಡು ಗಂಟೆ ಹೆಚ್ಚು ಮಲಗಿದರೆ ಸೋಮವಾರ ಮತ್ತೆ ಮೊದಲಿನಿಂದ ಶುರು ಮಾಡಿದ ಹಾಗೆಯೇ.

ಹಂತ 2: ಹಿಂದಿನ ರಾತ್ರಿಯ ಹತ್ತು ನಿಮಿಷ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಉಳಿದದ್ದನ್ನೆಲ್ಲ ಮರೆತರೂ ಇದನ್ನು ಬಿಡಬೇಡಿ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದಿನದ ಲೆಕ್ಕ ಸಂಜೆಯಿಂದ ಶುರುವಾಗುತ್ತದೆ: ಸಂಜೆಯಾಯಿತು, ಬೆಳಗಾಯಿತು, ಒಂದು ದಿನ. ಯೆಹೂದ್ಯರ ಸಬ್ಬತ್ತು ಇವತ್ತಿಗೂ ಶುಕ್ರವಾರ ಸೂರ್ಯಾಸ್ತಕ್ಕೇ ಶುರು. ಆ ಲೆಕ್ಕದಲ್ಲಿ ನಿಮ್ಮ ನಾಳೆಯ ಪ್ರಾರ್ಥನೆ ಇವತ್ತು ರಾತ್ರಿಯೇ ಆರಂಭವಾಗುತ್ತದೆ.

ಮಲಗುವ ಮುಂಚೆ ಮಾಡಬೇಕಾದದ್ದು ಇಷ್ಟು. ನಾಳೆ ಓದುವ ಭಾಗವನ್ನು ತೆರೆದು, ಪುಟಕ್ಕೆ ಗುರುತಿನ ದಾರ ಹಾಕಿ, ಕೂರುವ ಜಾಗದಲ್ಲೇ ಸತ್ಯವೇದವನ್ನು ಇಡಿ. ಅದರ ಮೇಲೆ ನೋಟ್‌ಬುಕ್, ಪೆನ್ನು, ಕನ್ನಡಕ ಹಾಕುವವರಾದರೆ ಕನ್ನಡಕ. ನೋಟ್‌ಬುಕ್ಕಿನ ಹೊಸ ಪುಟದ ಮೇಲೆ ನಾಳೆಯ ತಾರೀಖು, ಓದುವ ಅಧ್ಯಾಯ ಮತ್ತು ಪ್ರಾರ್ಥಿಸಬೇಕಾದ ಒಂದೆರಡು ಹೆಸರು ಬರೆದಿಡಿ. ನಾಳೆ ಉಡುವ ಬಟ್ಟೆ, ಮಕ್ಕಳ ಶಾಲೆಯ ಚೀಲ, ಕೊಂಡೊಯ್ಯಬೇಕಾದ ಕಾಗದಪತ್ರ, ಯಾವುದು ರಾತ್ರಿಯೇ ಆಗಬಹುದೋ ಅದನ್ನು ಮುಗಿಸಿ. ಬೆಳಗಿನ ಹದಿನೈದು ನಿಮಿಷ ಬರುವುದು ಇಲ್ಲಿಂದಲೇ.

ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಒಂದೇ ಕೋಣೆಯ ಮನೆಯಾದರೆ ಕೈಗೆಟುಕದ ಮೂಲೆಯಲ್ಲಿಡಿ. ಅಲಾರಂ ಗಡಿಯಾರವನ್ನೂ ಅಷ್ಟೇ. ನಿಲ್ಲಿಸಬೇಕೆಂದರೆ ಎದ್ದು ನಾಲ್ಕು ಹೆಜ್ಜೆ ನಡೆಯುವಂತಿರಲಿ.

ತಲೆಯಲ್ಲಿ ಓಡುತ್ತಿರುವ ನಾಳೆಯ ಚಿಂತೆಗಳನ್ನು ಒಂದು ಚೀಟಿಯಲ್ಲಿ ಬರೆದುಬಿಡಿ. ಕಟ್ಟಬೇಕಾದ ಕಂತು, ಮಾಡಬೇಕಾದ ಕರೆ, ಏನೇ ಇರಲಿ. ನಾಲ್ಕನೇ ಕೀರ್ತನೆಯ ಕೊನೆಯ ವಚನವನ್ನು ಓದಿ ದೀಪ ಆರಿಸಿ. ನಿರ್ಭಯವಾಗಿ ಮಲಗಿ ನಿದ್ದೆ ಮಾಡುತ್ತೇನೆ, ಕಾಪಾಡುವವನು ನೀನು ಎಂಬ ಭಾವದ ವಚನ ಅದು. ಕ್ಯಾಥೊಲಿಕರಿಗೆ ರಾತ್ರಿಯ ಪ್ರಾರ್ಥನೆಯ ವಾಡಿಕೆ ಇದ್ದೇ ಇದೆ. ಮಠಗಳಲ್ಲಿ ಮಲಗುವ ಮುಂಚೆ ಹೇಳುವ ಆ ಪ್ರಾರ್ಥನೆಗೆ ಕಂಪ್ಲಿನ್ ಎಂಬ ಹೆಸರು, ಅಂದರೆ ದಿನವನ್ನು ಮುಗಿಸುವ ಪ್ರಾರ್ಥನೆ. ನಾಲ್ಕನೇ ಕೀರ್ತನೆಗೆ ಅಲ್ಲಿ ಬಹು ಹಳೆಯ ಸ್ಥಾನವಿದೆ.

ಹಂತ 3: ಎದ್ದ ಮೇಲಿನ ಮೊದಲ ಗಳಿಗೆ

ಹಾಸಿಗೆಯ ಮೇಲೆ ಕೂತೇ ಪ್ರಾರ್ಥಿಸುತ್ತೇನೆ ಎನ್ನುವವರಿಗೆ ನನ್ನದೊಂದೇ ಮಾತು: ಬೇಡ. ಎದ್ದ ತಕ್ಷಣ ಮೆದುಳು ಪೂರ್ತಿ ಎಚ್ಚರವಾಗಿರುವುದಿಲ್ಲ. ಆ ಮಂಪರು ಕಳೆಯಲು ಸಾಮಾನ್ಯವಾಗಿ ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು. ಗೆತ್ಸೆಮನೆ ತೋಟದಲ್ಲಿ ಪೇತ್ರ, ಯಾಕೋಬ, ಯೋಹಾನರಿಗೇ ಒಂದು ಗಳಿಗೆ ಎಚ್ಚರವಾಗಿರಲು ಆಗಲಿಲ್ಲ. ಮನಸ್ಸು ಸಿದ್ಧವಾಗಿದೆ, ಆದರೆ ದೇಹಕ್ಕೆ ಬಲವಿಲ್ಲ ಎಂದು ಯೇಸು ಹೇಳಿದ್ದು ಅವರಿಗೇ (ಮಾರ್ಕ 14:37-38).

ಕಾಲು ನೆಲಕ್ಕಿಡುವಾಗ ಒಂದೇ ಸಾಲು ಹೇಳಿ: "ಕರ್ತನೇ, ಈ ದಿನ ನಿನ್ನದು." ಶಿಲುಬೆಯ ಗುರುತು ಹಾಕುವ ವಾಡಿಕೆಯಿದ್ದರೆ ಹಾಕಿ. ಹಾಸಿಗೆ ಮಡಿಸಿ, ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ದೀಪ ಹಾಕಿ ಅಥವಾ ಕಿಟಕಿ ತೆರೆಯಿರಿ. ಬೆಳಕು ಕಣ್ಣಿಗೆ ಬಿದ್ದರೆ ಎಚ್ಚರ ಬೇಗ ಬರುತ್ತದೆ. ಆಮೇಲೆ ರಾತ್ರಿ ಸಿದ್ಧಮಾಡಿಟ್ಟ ಜಾಗದಲ್ಲಿ ಕೂತುಕೊಳ್ಳಿ. ಕೂತರೆ ಕಣ್ಣು ಎಳೆಯುವುದಾದರೆ ನಿಂತು ಓದಿ, ಇಲ್ಲವೇ ಕೋಣೆಯೊಳಗೆ ನಿಧಾನವಾಗಿ ಓಡಾಡುತ್ತಾ ಪ್ರಾರ್ಥಿಸಿ. ಪ್ರಾರ್ಥನೆಗೆ ಕಣ್ಣು ಮುಚ್ಚಲೇಬೇಕು, ಮೊಣಕಾಲೂರಲೇಬೇಕು ಎಂಬ ಕಟ್ಟುನಿಟ್ಟು ಸತ್ಯವೇದದಲ್ಲಿಲ್ಲ.

ಹಂತ 4: ಮೊದಲು ವಾಕ್ಯ, ಆಮೇಲೆ ಪ್ರಾರ್ಥನೆ

ಹೆಚ್ಚಿನವರು ಮೊದಲು ಪ್ರಾರ್ಥಿಸಿ ಆಮೇಲೆ ಓದುತ್ತಾರೆ. ನನ್ನ ಸಲಹೆ ತಿರುಗುಮುರುಗು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಇದನ್ನು 1841ರಲ್ಲಿ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಅದಕ್ಕೆ ಮುಂಚೆ ಅವರೂ ಎದ್ದ ಕೂಡಲೇ ಪ್ರಾರ್ಥನೆಗೆ ಕೂರುತ್ತಿದ್ದರು. ಆದರೆ ಮೊದಲ ಹತ್ತು ನಿಮಿಷ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಮನಸ್ಸು ಎಲ್ಲೆಲ್ಲೋ ಅಲೆಯುತ್ತಿತ್ತು. ವಾಕ್ಯವನ್ನು ಮೊದಲು ಓದಿ ಧ್ಯಾನಿಸತೊಡಗಿದ ಮೇಲೆ ಆ ತೊಂದರೆ ಬಹುತೇಕ ನಿಂತಿತು, ಓದಿದ್ದೇ ಪ್ರಾರ್ಥನೆಯಾಗಿ ತಿರುಗತೊಡಗಿತು. ಪ್ರಾರ್ಥನೆಗೇ ಹೆಸರಾದವರಿಗೆ ಹೀಗಿದ್ದ ಮೇಲೆ ನಮ್ಮ ಮನಸ್ಸು ಅಲೆಯುವುದರಲ್ಲಿ ಆಶ್ಚರ್ಯವಿಲ್ಲ.

ಏನು ಓದಬೇಕು? ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು. ದಿನಕ್ಕೆ ಒಂದು ಇಡೀ ಅಧ್ಯಾಯ ಬೇಡ, ಒಂದು ಘಟನೆ ಸಾಕು, ಹತ್ತು ಹದಿನೈದು ವಚನ. ಸುಮಾರು ಎರಡು ತಿಂಗಳಿಗೆ ಮುಗಿಯುತ್ತದೆ.

ಆದಿಕಾಂಡದಿಂದ ಶುರು ಮಾಡಿ ಪ್ರಕಟನೆಯವರೆಗೆ ಒಂದೇ ಉಸಿರಿಗೆ ಓದುತ್ತೇನೆ ಎಂದು ಹೊರಟವರು ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತಾರೆ ಗೊತ್ತೇ? ಯಾಜಕಕಾಂಡದಲ್ಲಿ. ಬಲಿಗಳ ವಿವರ, ಕುಷ್ಠದ ನಿಯಮ ಬರುವ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ಇಡೀ ಸತ್ಯವೇದ ಓದುವುದು ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. 1842ರಲ್ಲಿ ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರೆ ಮೆಕ್ಷೇನ್ ತಮ್ಮ ಸಭೆಗೆ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳ ಪಟ್ಟಿಯೊಂದನ್ನು ಮಾಡಿಕೊಟ್ಟರು. ಅದು ಇವತ್ತಿಗೂ ಬಳಕೆಯಲ್ಲಿದೆ. ನನಗೆ ಆ ಪಟ್ಟಿಗಿಂತ ಅದರ ಜೊತೆ ಅವರೇ ಬರೆದ ಎಚ್ಚರಿಕೆ ಹೆಚ್ಚು ಇಷ್ಟ: ಬರೀ ಶಾಸ್ತ್ರಕ್ಕೆ ಓದುವುದು, ಓದಿದೆನೆಂದು ಬೀಗುವುದು, ಲೆಕ್ಕ ತುಂಬಿಸಲು ಗಡಿಬಿಡಿಯಲ್ಲಿ ಓದುವುದು, ಹೊರಲಾರದ ನೊಗ ಹೊತ್ತುಕೊಳ್ಳುವುದು. ಪಟ್ಟಿ ಹಿಡಿದು ಓದುವವರೆಲ್ಲ ಒಂದಲ್ಲ ಒಂದು ದಿನ ಈ ನಾಲ್ಕರಲ್ಲಿ ಒಂದಕ್ಕೆ ಸಿಕ್ಕಿಬೀಳುತ್ತಾರೆ.

ಕ್ಯಾಥೊಲಿಕರಿಗೆ ಈ ಆಯ್ಕೆಯ ತಲೆನೋವೇ ಇಲ್ಲ. ಆ ದಿನದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಮೊದಲೇ ಗೊತ್ತಾಗಿರುತ್ತದೆ, ಅದನ್ನೇ ಓದಿ.

ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳು ಬಿದ್ದ ವಚನವನ್ನು ಇವತ್ತಿನ ವಾಗ್ದಾನ ಎಂದುಕೊಳ್ಳುವ ಅಭ್ಯಾಸ ಕೆಲವರಲ್ಲಿದೆ. ಅದನ್ನು ಬಿಟ್ಟುಬಿಡಿ. ವಚನಕ್ಕೆ ಹಿಂದುಮುಂದು ಇರುತ್ತದೆ, ಯಾರು ಯಾರಿಗೆ ಹೇಳಿದ್ದು ಎಂಬುದಿರುತ್ತದೆ.

ಸುವಾರ್ತೆಯ ಜೊತೆಗೆ ಒಂದು ಕೀರ್ತನೆ ಇರಲಿ. ಆರಿಸಲು ಸುಲಭವಾದ ಉಪಾಯವಿದೆ. ಕೀರ್ತನೆಗಳು 150. ಇವತ್ತಿನ ತಾರೀಖು ತೆಗೆದುಕೊಂಡು ಅದಕ್ಕೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋಗಿ. 7ನೇ ತಾರೀಖಾದರೆ 7, 37, 67, 97, 127. ಈ ಐದರಲ್ಲಿ ಒಂದನ್ನು ಓದಿ, ಮುಂದಿನ ತಿಂಗಳು ಅದೇ ತಾರೀಖಿಗೆ ಇನ್ನೊಂದು. 29ನೇ ತಾರೀಖಿನ ಪಟ್ಟಿಯಲ್ಲಿ 176 ವಚನಗಳ 119ನೇ ಕೀರ್ತನೆ ಇದೆ, ಹುಷಾರು. ಅದನ್ನು ಎಂಟೆಂಟು ವಚನಗಳ 22 ಭಾಗಗಳಾಗಿಯೇ ರಚಿಸಲಾಗಿದೆ; ಒಂದು ದಿನಕ್ಕೆ ಒಂದು ಭಾಗ ಸಾಕು.

ಹೇಗೆ ಓದಬೇಕು? ಹನ್ನೆರಡನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೋ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಓದು, ಮನನ, ಪ್ರಾರ್ಥನೆ, ಮೌನವಾದ ದೇವದರ್ಶನ. ಈ ರೀತಿಯ ಓದಿಗೆ ಲೆಕ್ಷಿಯೊ ದಿವೀನಾ, ಅಂದರೆ ಪವಿತ್ರ ವಾಚನ ಎಂಬ ಹೆಸರಿದೆ. ಹೆಸರಿಗೆ ಹೆದರಬೇಡಿ. ಒಂದು ಉದಾಹರಣೆ ನೋಡೋಣ.

ಮಾರ್ಕ 4:35-41, ಬಿರುಗಾಳಿಯ ಪ್ರಸಂಗ. ಒಮ್ಮೆ ಮೆಲುದನಿಯಲ್ಲಿ ಓದಿ. ಎರಡನೇ ಸಾರಿ ಇನ್ನೂ ನಿಧಾನವಾಗಿ ಓದಿ, ಕಣ್ಣು ತಡೆದು ನಿಲ್ಲುವ ಜಾಗದಲ್ಲಿ ನಿಲ್ಲಿ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದಾನೆ. ಆ ತಲೆದಿಂಬು ಮಾರ್ಕನಲ್ಲಿ ಮಾತ್ರ ಇದೆ, ಇದೇ ಘಟನೆಯನ್ನು ಹೇಳುವ ಮತ್ತಾಯ, ಲೂಕರಲ್ಲಿಲ್ಲ. ದೋಣಿಯೊಳಗೆ ನೀರು ತುಂಬುತ್ತಿದೆ. ಶಿಷ್ಯರು ಆತನನ್ನು ಎಬ್ಬಿಸಿ ಕೇಳುವುದು ಸಹಾಯವನ್ನಲ್ಲ, ಒಂದು ಆಕ್ಷೇಪಣೆ: ನಾವು ಮುಳುಗುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ? ಇಲ್ಲಿ ನಿಲ್ಲಿ. ನೀವು ದೇವರಿಗೆ ಕೇಳಬೇಕೆಂದಿದ್ದು, ಕೇಳಲು ಹಿಂಜರಿದದ್ದು ಇದೇ ಪ್ರಶ್ನೆ ಇರಬಹುದು. ಯಾವ ವಿಷಯದಲ್ಲಿ? ಸಾಲವೋ, ವರದಿಗಾಗಿ ಕಾಯುತ್ತಿರುವ ಕಾಯಿಲೆಯೋ, ಮಾತು ಬಿಟ್ಟ ಮಗನೋ. ಅದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಯೇಸು ಗಾಳಿಯನ್ನು ಮೊದಲು ಗದರಿಸಿದ, ಶಿಷ್ಯರ ಅಪನಂಬಿಕೆಯ ಮಾತು ಆಮೇಲೆ ಬಂತು ಎಂಬುದನ್ನೂ ಗಮನಿಸಿ. ಅಲ್ಲಿಂದ ನೇರವಾಗಿ ಪ್ರಾರ್ಥನೆಗೆ ಹೊರಳಿ: "ಕರ್ತನೇ, ನಿನಗೆ ಚಿಂತೆಯಿಲ್ಲವೇನೋ ಎಂದು ನನಗೂ ಅನಿಸಿದೆ. ಈ ವಿಷಯದಲ್ಲಿ..."

ಓದಿಗೆ ಏಳು ನಿಮಿಷ ಸಾಕು.

ಹಂತ 5: ಪ್ರಾರ್ಥನೆ

ಏನೆಂದು ಪ್ರಾರ್ಥಿಸುವುದು ಎಂದು ತೋಚದಿದ್ದರೆ ಕರ್ತನ ಪ್ರಾರ್ಥನೆಯನ್ನೇ ಹಿಡಿದುಕೊಳ್ಳಿ (ಮತ್ತಾಯ 6:9-13). ಒಂದೊಂದು ಬಿನ್ನಹ ಹೇಳಿ, ಅಲ್ಲಿ ನಿಂತು, ನಿಮ್ಮ ಮಾತು ಸೇರಿಸಿ. "ನಮ್ಮ ಅನುದಿನದ ಆಹಾರ" ಎಂಬಲ್ಲಿ ಕೆಲಸ, ಸಂಬಳ, ಬಾಡಿಗೆ ಎಲ್ಲ ಬರಲಿ. "ನಮ್ಮ ತಪ್ಪುಗಳನ್ನು ಕ್ಷಮಿಸು" ಎಂಬಲ್ಲಿ ನಿನ್ನೆ ಆಡಿದ ಒಂದು ನಿರ್ದಿಷ್ಟ ಮಾತು ಬರಲಿ. ಸುಮ್ಮನೆ ಮಹಾಪಾಪಿ ಎಂದು ಹೇಳಿಕೊಳ್ಳುವುದು ಸುಲಭ, ಯಾರಿಗೆ ಏನು ಮಾಡಿದೆ ಎಂದು ಹೇಳುವುದು ಕಷ್ಟ.

ಇದು ಹೊಸ ಉಪಾಯವೇನಲ್ಲ. ಪ್ರಾರ್ಥಿಸುವುದು ಹೇಗೆಂದು ಕೇಳಿದ ತನ್ನ ಕ್ಷೌರಿಕ ಪೀಟರ್‌ಗೆ ಮಾರ್ಟಿನ್ ಲೂಥರ್ 1535ರಲ್ಲಿ ಬರೆದುಕೊಟ್ಟ ಉತ್ತರದಲ್ಲೂ ಇದೇ ಕ್ರಮವಿದೆ. ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಲಿ ಎನ್ನುವ ಲೂಥರ್, "ಸ್ವಲ್ಪ ತಾಳು, ಇದೊಂದು ಕೆಲಸ ಮುಗಿಸಿ ಬರುತ್ತೇನೆ" ಎನ್ನುವ ಯೋಚನೆಯ ಬಗ್ಗೆ ಹುಷಾರಾಗಿರು ಎನ್ನುತ್ತಾರೆ. ಮನಸ್ಸು ನಿಲ್ಲಿಸುವುದಕ್ಕೆ ಕ್ಷೌರಿಕನಿಗೆ ಕೊಟ್ಟ ಹೋಲಿಕೆಯೂ ಅವನ ಕಸುಬಿನದೇ: ಒಳ್ಳೆಯ ಕ್ಷೌರಿಕ ಕತ್ತಿಯ ಮೇಲೆಯೇ ಕಣ್ಣಿಟ್ಟಿರುತ್ತಾನೆ, ಹರಟೆ ಹೊಡೆಯುತ್ತಾ ಅತ್ತಿತ್ತ ನೋಡಿದರೆ ಕೂತವನ ಮೂಗೋ ಗಂಟಲೋ ಹೋದೀತು.

ಮನಸ್ಸು ಅಲೆದಾಗ ಏನು ಮಾಡಬೇಕು? ಅಲೆದು ಹೋದ ವಿಷಯವನ್ನೇ ಪ್ರಾರ್ಥನೆಗೆ ಎಳೆದು ತನ್ನಿ. ಗ್ಯಾಸ್ ಬುಕ್ ಮಾಡುವುದು ನೆನಪಾಯಿತೇ? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚಿ ಮುಂದುವರಿಯಿರಿ. ಸಹೋದ್ಯೋಗಿಯ ಮೇಲಿನ ಕೋಪ ಬಂತೇ? ಅದು ಅಡ್ಡಿಯಲ್ಲ, ಅದೇ ಇವತ್ತಿನ ಪ್ರಾರ್ಥನೆ.

ಇನ್ನು ಮಧ್ಯಸ್ಥಿಕೆ ಪ್ರಾರ್ಥನೆ, ಅಂದರೆ ಬೇರೆಯವರ ಪರವಾಗಿ ಬೇಡುವುದು. ಎಲ್ಲಿ ಹೋದರೂ "ನನಗಾಗಿ ಪ್ರಾರ್ಥಿಸಿ" ಎಂದು ಕೇಳುವವರಿರುತ್ತಾರೆ, ಪಟ್ಟಿ ಬೆಳೆಯುತ್ತದೆ, ಕೊನೆಗೆ ಹೆಸರುಗಳನ್ನು ಗಡಗಡ ಓದಿ ಮುಗಿಸುವಂತಾಗುತ್ತದೆ. ವಾರಕ್ಕೆ ಹಂಚಿಕೊಳ್ಳಿ. ಸೋಮವಾರ ಮನೆಯವರು, ಮಂಗಳವಾರ ಜೊತೆಗೆ ಕೆಲಸ ಮಾಡುವವರು, ಬುಧವಾರ ಸಭೆ ಮತ್ತು ಸೇವಕರು, ಗುರುವಾರ ರೋಗಿಗಳು, ದುಃಖದಲ್ಲಿರುವವರು. ಶುಕ್ರವಾರ ನಿಮಗೂ ಅವರಿಗೂ ಆಗಿಬರದವರು. ಮತ್ತಾಯ 5:44 ಇದನ್ನು ಕೇಳುತ್ತದೆ, ವಾರದಲ್ಲಿ ಅತ್ಯಂತ ಕಷ್ಟದ ದಿನ ಇದೇ. ಶನಿವಾರ ಅಧಿಕಾರದಲ್ಲಿರುವವರು (1 ತಿಮೊಥೆಯ 2:1-2). ಭಾನುವಾರ ಬೇಡಿಕೆಯೇ ಬೇಡ, ಬರೀ ಸ್ತೋತ್ರ. ಒಂದು ದಿನಕ್ಕೆ ಮೂರು ನಾಲ್ಕು ಹೆಸರಿಗಿಂತ ಹೆಚ್ಚು ಬೇಡ.

ಬರೆದಿಟ್ಟ ಪ್ರಾರ್ಥನೆಗಳನ್ನು ಓದಬಹುದೇ ಎಂದು ಪೆಂಟೆಕೋಸ್ಟಲ್ ಸಭೆಯವರು ಕೇಳುತ್ತಾರೆ. ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಬರುವುದಿಲ್ಲ ಎಂದು ಕ್ಯಾಥೊಲಿಕರು ಹೇಳುತ್ತಾರೆ. ಇಬ್ಬರೂ ಇನ್ನೊಬ್ಬರ ದಾರಿಯನ್ನು ಸ್ವಲ್ಪ ನಡೆದು ನೋಡಬಹುದು. ಕೀರ್ತನೆಗಳೆಲ್ಲ ಬರೆದಿಟ್ಟ ಪ್ರಾರ್ಥನೆಗಳೇ ಅಲ್ಲವೇ? ಮಾತೇ ಬಾರದ ದಿನಗಳಿಗೆ ಪೂರ್ವದ ಸಭೆಗಳ ಒಂದು ಚಿಕ್ಕ ಪ್ರಾರ್ಥನೆಯಿದೆ: "ದೇವಕುಮಾರನಾದ ಕರ್ತ ಯೇಸು ಕ್ರಿಸ್ತನೇ, ಪಾಪಿಯಾದ ನನ್ನನ್ನು ಕರುಣಿಸು." ನಿಧಾನವಾಗಿ, ಉಸಿರಿನ ಜೊತೆಗೆ ಹೇಳಿ. ರೋಮಾಪುರದವರಿಗೆ 8:26ರಲ್ಲಿ ಪೌಲನು ಹೇಳುವುದೂ ಮಾತಿಗೆ ಸಿಕ್ಕದ ನರಳಾಟದ ವಿಷಯವೇ.

ಹಂತ 6: ಹೊತ್ತಿಗೆ ಸರಿಯಾಗಿ ಮುಗಿಸಿ

ಹದಿನೈದು ನಿಮಿಷವಾದಾಗ ಎದ್ದುಬಿಡಿ. ಓದಿದ್ದರಲ್ಲಿ ಒಂದು ಮಾತನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಮಧ್ಯಾಹ್ನ ಒಮ್ಮೆ ತೆಗೆದು ನೋಡಿ. ಪ್ರಾರ್ಥನೆಯ ನೆಪದಲ್ಲಿ ಕೆಲಸಕ್ಕೆ ತಡವಾಗಿ ಹೋಗುವುದು, ಮನೆಯ ಕೆಲಸವನ್ನೆಲ್ಲ ಇನ್ನೊಬ್ಬರ ತಲೆಗೆ ಕಟ್ಟುವುದು ಭಕ್ತಿಯಲ್ಲ.

ಎಲ್ಲಿ ಎಡವುತ್ತಾರೆ?

ತಪ್ಪಿದ ದಿನದಲ್ಲಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಓದಿ ಸರಿದೂಗಿಸಲು ಹೋಗುತ್ತಾರೆ, ಆಗುವುದಿಲ್ಲ, ನಾಲ್ಕು ದಿನ ಬಿಡುತ್ತಾರೆ, ಆಮೇಲೆ ನಾಚಿಕೆಯಿಂದ ಪೂರ್ತಿ ಬಿಟ್ಟುಬಿಡುತ್ತಾರೆ. ತಪ್ಪಿದ್ದನ್ನು ಅಲ್ಲೇ ಬಿಡಿ. ಇವತ್ತಿನ ಭಾಗವನ್ನಷ್ಟೇ ಓದಿ. ಪ್ರತಿ ಮುಂಜಾನೆ ಹೊಸದಾಗುವ ಕರುಣೆಯ ಮಾತು ಬರುವುದು ಪ್ರಲಾಪಗಳ ಮೂರನೇ ಅಧ್ಯಾಯದಲ್ಲಿ (3:22-23), ಯೆರೂಸಲೇಮು ಹಾಳಾದ ಗೋಳಿನ ನಡುವೆ.

ಇನ್ನೊಂದು, ಏನೂ ಅನಿಸದ ದಿನಗಳು. ಓದುತ್ತೀರಿ, ಪ್ರಾರ್ಥಿಸುತ್ತೀರಿ, ಒಳಗೆ ಒಣಗಿದ ಹಾಗಿರುತ್ತದೆ. 88ನೇ ಕೀರ್ತನೆ ಓದಿ. ಇಡೀ ಪುಸ್ತಕದಲ್ಲೇ ಅತ್ಯಂತ ಕತ್ತಲೆಯ ಕೀರ್ತನೆ ಅದು, ಕೊನೆಗೂ ಬೆಳಕು ಬರುವುದಿಲ್ಲ. ಆದರೂ ಅದರ 13ನೇ ವಚನದಲ್ಲಿ ಆ ಮನುಷ್ಯ ಬೆಳಗ್ಗೆ ಪ್ರಾರ್ಥಿಸುತ್ತಿದ್ದಾನೆ. ಆದರೆ ವಾರಗಟ್ಟಲೆ ನಿದ್ದೆ, ಊಟ, ಕೆಲಸ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನು ಆತ್ಮಿಕ ಬಲಹೀನತೆ ಎಂದು ತಳ್ಳಿಹಾಕಬೇಡಿ, ವೈದ್ಯರನ್ನು ಕಾಣಿ. ಸಾಯಬೇಕೆನ್ನುತ್ತಿದ್ದ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಆಮೇಲೆ ಮತ್ತೆ ಮಲಗಲು ಬಿಟ್ಟ (1 ಅರಸುಗಳು 19:5-7).

ಬೋಧಿಸುವವರಿಗೆ, ಸಂಡೇ ಸ್ಕೂಲ್ ಕಲಿಸುವವರಿಗೆ ಒಂದು ಮಾತು. ಈ ಹೊತ್ತಿನಲ್ಲಿ ಪ್ರಸಂಗ ತಯಾರಿಸಬೇಡಿ. ಓದುತ್ತಿದ್ದಂತೆಯೇ "ಇದನ್ನು ಭಾನುವಾರ ಹೇಳಬಹುದು" ಅನಿಸಿದರೆ ಆ ವಾಕ್ಯ ನಿಮ್ಮನ್ನು ದಾಟಿ ಹೋಯಿತು ಎಂದೇ ಅರ್ಥ. ತೆರೆದ ಸತ್ಯವೇದದ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವವರಿಗೆ, ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸು ಎನ್ನುವ ಮತ್ತಾಯ 6:6 ಸಾಕು.

ಎಲ್ಲರ ಬೆಳಗೂ ಒಂದೇ ಅಲ್ಲ

ಎಳೆಮಗುವಿನ ತಾಯಂದಿರೇ, ಮೇಲಿನ ಹಂತಗಳನ್ನು ಸದ್ಯಕ್ಕೆ ಬದಿಗಿಡಿ. ಹಾಲು ಕುಡಿಸುವಾಗ ಬಾಯಿಪಾಠವಿರುವ ಒಂದು ಕೀರ್ತನೆ, ಒಂದು ಕರ್ತನ ಪ್ರಾರ್ಥನೆ ಸಾಕು; ನಿದ್ದೆ ಸಿಕ್ಕಾಗ ನಿದ್ದೆಯನ್ನೇ ಮಾಡಿ. ರಾತ್ರಿ ಪಾಳಿಯವರಿಗೆ ಬೆಳಗು ಎಂದರೆ ಎದ್ದ ಹೊತ್ತು, ಅದು ಮಧ್ಯಾಹ್ನ ಎರಡಾದರೂ ಸರಿ. ಪಾಳಿ ಮುಗಿಸಿ ಬಂದು ತೂಕಡಿಸುತ್ತಾ ಪ್ರಾರ್ಥಿಸುವುದಕ್ಕಿಂತ ಮಲಗಿ ಎದ್ದು ಪ್ರಾರ್ಥಿಸುವುದು ಮೇಲು. ಓದಲು ಕಷ್ಟಪಡುವ ಹಿರಿಯರಿಗೆ ಆಡಿಯೊ ಸತ್ಯವೇದ ಒಳ್ಳೆಯದು. ಇಲ್ಲಿ ಮಾತ್ರ ಫೋನಿಗೆ ಅನುಮತಿ, ಇಂಟರ್ನೆಟ್ ಆರಿಸಿ.

ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗುವ ಮನೆಯಲ್ಲಿ, ಹಾಸ್ಟೆಲ್ಲಿನಲ್ಲಿ ಒಂಟಿತನ ಸಿಗುವುದಿಲ್ಲ. ಮೆಟ್ಟಿಲ ಮೇಲೆ, ಮಹಡಿಯಲ್ಲಿ, ಬಸ್ಸಿಗೆ ಹೋಗುವ ದಾರಿಯಲ್ಲಿ ಪ್ರಾರ್ಥಿಸಿ. ಪೇತ್ರನೂ ಪ್ರಾರ್ಥಿಸಲು ಮಾಳಿಗೆ ಹತ್ತಿದ್ದ (ಅಪೊಸ್ತಲರ ಕೃತ್ಯಗಳು 10:9). ದನಿ ಎತ್ತಿ ಪ್ರಾರ್ಥಿಸುವ ಅಭ್ಯಾಸವಿರುವವರು ಮಲಗಿರುವವರನ್ನು ನೆನಪಿಟ್ಟುಕೊಳ್ಳಿ. ಮುಂಜಾನೆ ಎದ್ದು ದೊಡ್ಡ ದನಿಯಲ್ಲಿ ನೆರೆಯವನನ್ನು ಆಶೀರ್ವದಿಸಿದರೆ ಅದು ಶಾಪವೆಂದೇ ಲೆಕ್ಕ ಎಂದು ಜ್ಞಾನೋಕ್ತಿಗಳು 27:14 ಹೇಳುತ್ತದೆ. ಮೂರು ಸಾವಿರ ವರ್ಷಗಳ ಹಿಂದಿನ ಪಕ್ಕದ ಮನೆಯವರಿಗೂ ಇದೇ ಸಂಕಟವಿತ್ತೆಂದು ಕಾಣುತ್ತದೆ.

ಕುಟುಂಬ ಪ್ರಾರ್ಥನೆ ಬೇರೆ, ಇದು ಬೇರೆ. ಒಂದು ಇದೆಯೆಂದು ಇನ್ನೊಂದನ್ನು ಬಿಡಬೇಡಿ. ಮಕ್ಕಳನ್ನು ಬಲವಂತವಾಗಿ ನಿಮ್ಮ ಜೊತೆ ಎಬ್ಬಿಸಲೂ ಬೇಡಿ.

ಮಾರ್ಕ ಮುಗಿದ ಮೇಲೆ

ಎರಡು ತಿಂಗಳಾದ ಮೇಲೆ ಹದಿನೈದು ನಿಮಿಷ ಸಾಲದು ಎಂದು ನಿಮಗೇ ಅನಿಸಿದರೆ ಐದು ನಿಮಿಷ ಸೇರಿಸಿ, ಆ ಐದನ್ನು ಮತ್ತೆ ಮಲಗುವ ಹೊತ್ತಿನಿಂದಲೇ ಕಳೆಯಿರಿ. ಅನಿಸದಿದ್ದರೆ ಅಷ್ಟರಲ್ಲೇ ಇರಿ. ಓದಿಗೆ ಮುಂದೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಒಳ್ಳೆಯದು, ನಾಲ್ಕೇ ಅಧ್ಯಾಯ, ಸೆರೆಯಲ್ಲಿದ್ದವನು ಬರೆದ ಸಂತೋಷದ ಪತ್ರ. ಆಮೇಲೆ ಲೂಕ, ಅದರ ಬೆನ್ನಿಗೆ ಅಪೊಸ್ತಲರ ಕೃತ್ಯಗಳು. ಎರಡನ್ನೂ ಬರೆದವನು ಒಬ್ಬನೇ, ಕಥೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಹಳೆಯ ನೋಟ್‌ಬುಕ್ ಮುಗಿದಾಗ ಬಿಸಾಡಬೇಡಿ. ಹೊಸದನ್ನು ಶುರು ಮಾಡುವ ಮುಂಚೆ ಒಂದು ಭಾನುವಾರ ಅದನ್ನು ಮೊದಲಿನಿಂದ ಓದಿ, ಉತ್ತರ ಸಿಕ್ಕ ಬಿನ್ನಹಗಳ ಪಕ್ಕದಲ್ಲಿ ತಾರೀಖು ಬರೆಯಿರಿ, ಸಿಗದವುಗಳನ್ನು ಹೊಸ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.